ಮುರಿದಷ್ಟೂ ಹಬ್ಬಿದ ಪಾಪಸುಕಳ್ಳಿ

ಊರಿಗೆ ಹೋದಾಗ ಹೊಲದ ಬದುವಿನಲ್ಲಿ ಪಾಪಸುಕಳ್ಳಿಯನ್ನು ನೋಡಿಯೇ ಇರುತ್ತೀರಿ. ಚಿಕ್ಕಂದಿನಲ್ಲಿ ಅದರ ಹಣ್ಣು ತಿಂದು ನಾಲಿಗೆ ಕೆಂಪಗೆ ಮಾಡಿಕೊಂಡವರೂ ನಿಮ್ಮಲ್ಲಿರಬಹುದು. ಇದು ನಮ್ಮ ನೆಲದ್ದೇ ಗಿಡ ಎಂದುಕೊಂಡಿದ್ದೀರಾ? ಅಲ್ಲ, ಇದರ ತವರು ದೂರದ ಅಮೆರಿಕ ಖಂಡ.

ಅಂಗೈಯಂತೆ ಅಗಲವಾದ ಅದರ ಹಸಿರು ತುಂಡುಗಳು ಎಲೆಗಳಲ್ಲ, ಕಾಂಡ. ನೀರನ್ನು ಅವುಗಳಲ್ಲೇ ಕೂಡಿಡುತ್ತದೆ. ಹಗಲು ಮೈಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಹಾಗಾಗಿ ಮರುಭೂಮಿಯಂಥ ಒಣ ಹವೆಗೂ ಜಗ್ಗದು. ಆದರೆ ತುಂಡುಗಳ ಸಂದು ಮಾತ್ರ ಬಲು ನಾಜೂಕು. ದನ ಮೈ ತಾಗಿಸಿದರೂ ಕಳಚಿ ಬೀಳುತ್ತದೆ, ಬಿದ್ದಲ್ಲೇ ಬೇರು ಬಿಡುತ್ತದೆ.

ಈ ಕಳ್ಳಿಯನ್ನು ತಿಂದು ಬದುಕುವ ಕಾಚಿನಿಯಲ್ ಎಂಬ ಪುಟ್ಟ ಕೀಟವನ್ನು ಒಣಗಿಸಿದರೆ ಅಪ್ಪಟ ಕೆಂಪು ಬಣ್ಣ ಸಿಗುತ್ತದೆ. ಮೆಕ್ಸಿಕೊದ ಆ ವ್ಯಾಪಾರ ಸ್ಪೇನಿನವರ ಹಿಡಿತದಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೂ ಅದರ ಆಸೆ ಹುಟ್ಟಿತು. 1780ರ ದಶಕದ ಕೊನೆಯ ಹೊತ್ತಿಗೆ ಮದರಾಸಿನ ವೈದ್ಯ ಡಾ. ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿಯ ತೋಟಕ್ಕಾಗಿ ಓಡಾಡುತ್ತಿದ್ದರು. ಚೆನ್ನೈನ ಕೇಳುಗರೇ, ನಿಮ್ಮ ಅದೇ ಸೈದಾಪೇಟೆ!

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ರಿಯೊ ಡಿ ಜನೈರೊದಿಂದ ಕಲ್ಕತ್ತೆಗೆ ಕೀಟ ತಂದ. ಆದರೆ ಬಂದದ್ದು ಕಾಡು ಜಾತಿ. ಬಣ್ಣ ಕಳಪೆ, ಹಸಿವು ಮಾತ್ರ ಜೋರು. ಬೇಲಿಗೆ ಬೆಳೆಸಿದ್ದ ಒಂದು ಜಾತಿಯ ಕಳ್ಳಿಯನ್ನು ಅದು ತಿಂದು ಮುಗಿಸುತ್ತಾ ಹೋಯಿತು. ಇದನ್ನು ಗಮನಿಸಿ 1836-38ರ ಸುಮಾರಿಗೆ ಬೇಕೆಂದೇ ಅದೇ ಕೀಟವನ್ನು ದಕ್ಷಿಣಕ್ಕೆ ತಂದರು. ಕೀಟದಿಂದ ಕಳೆ ತೆಗೆಸಿದ ಜಗತ್ತಿನ ಮೊದಮೊದಲ ಪ್ರಯೋಗಗಳಲ್ಲಿ ಇದೂ ಒಂದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಕೀಟ ಮುಟ್ಟದ ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದ ಹೊಲ, ಗೋಮಾಳಗಳನ್ನು ನುಂಗತೊಡಗಿತು. ರೈತ ಕುಡುಗೋಲಿನಿಂದ ಕಡಿದರೆ ಒಂದು ಗಿಡ ಹತ್ತಾಗುತ್ತಿತ್ತು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಕಾಚಿನಿಯಲ್‌ನ ಬೇರೊಂದು ಜಾತಿ ಬಂತು. ಐದಾರು ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರ್ ನೆಲ ಕಳ್ಳಿಯಿಂದ ಬಿಡುಗಡೆಯಾಯಿತು. ಕಬ್ಬಿಣಕ್ಕೆ ಬಗ್ಗದ್ದು, ಉಗುರಿನಲ್ಲಿ ಹಿಸುಕಬಹುದಾದ ಹುಳುವಿಗೆ ಸೋತಿತು.

ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಳ್ಳಿ ಬೆಳೆಸುವ ಆಸೆಯಿದ್ದರೆ ಒಂದು ತುಂಡನ್ನು ವಾರ ಕಾಲ ನೆರಳಲ್ಲಿ ಒಣಗಿಸಿ, ಮರಳು ಹೆಚ್ಚಿರುವ ಮಣ್ಣಿನಲ್ಲಿ ನೆಡಿ. ನೀರು ಮಿತವಾಗಿರಲಿ. ಮುರಿದ ತುಂಡುಗಳನ್ನು ಮಾತ್ರ ಕೆರೆಯಂಚಿಗೋ ಖಾಲಿ ಸೈಟಿಗೋ ಎಸೆಯಬೇಡಿ. ಮುಂದಿನ ಸಲ ಊರಿನ ಕಳ್ಳಿಯ ಮೇಲೆ ಬಿಳಿ ಹತ್ತಿಯಂಥ ಚುಕ್ಕೆ ಕಂಡರೆ ಕಡ್ಡಿಯಿಂದ ಒತ್ತಿ ನೋಡಿ. ಕಡ್ಡಿಯ ತುದಿ ಕೆಂಪಾದರೆ, ಸ್ಪೇನಿನವರು ಕಾಪಾಡಿಕೊಂಡಿದ್ದ ಗುಟ್ಟು ಅದೇ!