ಹಾಡು ಕೇಳಿಸದ ಕಚೇರಿ

ಆಗಸ್ಟ್ 15ರಂದು ಧ್ವಜವಂದನೆ ಮುಗಿದು ಸಿಹಿ ಹಂಚುವ ಹೊತ್ತಿಗೆ ನಮ್ಮ ಶಾಲೆಯ ಅಂಗಳದಲ್ಲಿ ಗದ್ದಲ ಏಳುವುದು ಮಾಮೂಲು. ಹುಡುಗರು ಕೂಗಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹುಡುಗಿಯರ ಸಾಲಿನಿಂದ ಒಂದು ಕೇಕೆ ಬಂತೋ, ಅಧ್ಯಾಪಕರ ತಲೆಗಳೆಲ್ಲ ಆ ಕಡೆ ತಿರುಗುತ್ತವೆ. "ಏನ್ರೇ ಅದು, ಸಂತೆಯೇನ್ರೇ?" ಎಂದು ಗದರಿಸುವ ಕೆಲಸ ಇಷ್ಟು ವರ್ಷವೂ ನನ್ನ ಪಾಲಿನದು. ಮುಖ್ಯೋಪಾಧ್ಯಾಯರು ಹೇಳಬೇಕಾಗಿಯೂ ಇಲ್ಲ, ಬಾಯಿ ತಾನಾಗಿ ಗದರಿಸುತ್ತದೆ.

ಅದೇ ಆಗಸ್ಟ್ 15ರಂದು, 1965ರಲ್ಲಿ, ನ್ಯೂಯಾರ್ಕಿನ ಒಂದು ಆಟದ ಮೈದಾನದಲ್ಲಿ ಸಾವಿರಾರು ಹುಡುಗಿಯರು ಒಟ್ಟಿಗೆ ಕಿರುಚಿದ್ದರು. ನಾನು ಹುಟ್ಟುವುದಕ್ಕೂ ಮೊದಲಿನ ಮಾತು. ನನಗೆ ಇದು ತಿಳಿದದ್ದು ಮಗಳು ಮನೆಯಲ್ಲಿ ಹಾಕಿ ತೋರಿಸಿದ ಸಾಕ್ಷ್ಯಚಿತ್ರದಿಂದ. ರಾನ್ ಹೊವರ್ಡ್ 2016ರಲ್ಲಿ ಮಾಡಿದ್ದು. ಆಮೇಲೆ ಕುತೂಹಲ ತಡೆಯಲಾರದೆ ಅಲ್ಲಿ ಇಲ್ಲಿ ಹುಡುಕಿ ಓದಿದೆ.

ಆ ಮೈದಾನದ ಹೆಸರು ಶೇ ಸ್ಟೇಡಿಯಂ. ಬೇಸ್‌ಬಾಲ್ ಆಟಕ್ಕೆಂದು ಕಟ್ಟಿ 1964ರಲ್ಲಿ ತೆರೆದದ್ದು. ಈಗ ಅದಿಲ್ಲ, 2009ರ ಹೊತ್ತಿಗೆ ಕೆಡವಿಹಾಕಿದರು. ಅಂದು ಭಾನುವಾರ. ಇಂಗ್ಲೆಂಡಿನ ಲಿವರ್‌ಪೂಲ್ ಊರಿನ ನಾಲ್ವರು ಹುಡುಗರು, ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್, 'ಬೀಟಲ್ಸ್' ಎಂಬ ಹೆಸರಿನಲ್ಲಿ ಅಲ್ಲಿ ಹಾಡಲು ಬಂದಿದ್ದರು. ಸೇರಿದ ಜನ 55,600. ರಾಕ್ ಸಂಗೀತದ ಕಚೇರಿಗೆ ಆ ಕಾಲಕ್ಕೆ ಅದೊಂದು ದಾಖಲೆ. ಸಿಡ್ ಬರ್ನ್‌ಸ್ಟೈನ್ ಎಂಬಾತ ಏರ್ಪಡಿಸಿದ್ದು. ಟಿಕೆಟ್ಟಿನಿಂದ ಬಂದ ಹಣ 3,04,000 ಡಾಲರು. ಅರ್ಧಕ್ಕಿಂತ ಹೆಚ್ಚು ಹಾಡುಗಾರರಿಗೇ ಹೋಯಿತು. ಟಿಕೆಟ್ಟಿನ ಬೆಲೆ ನಾಲ್ಕೂವರೆ ಡಾಲರಿನಿಂದ ಶುರು. ಹದಿಮೂರು ಹದಿನಾಲ್ಕರ ಹುಡುಗಿಯರಿಗೆ ಅದು ಕೂಡಿಟ್ಟು ಕೊಳ್ಳಬೇಕಾದ ಹಣವೇ.

ವೇದಿಕೆ ಇದ್ದದ್ದು ಮೈದಾನದ ನಡುವೆ. ಜನರೆಲ್ಲ ಗ್ಯಾಲರಿಯಲ್ಲಿ. ನಡುವೆ ಬರಿದಾದ ಹುಲ್ಲು, ಅದರ ಅಂಚಿಗೆ ಪೊಲೀಸರು. ಹಾಡುಗಾರರು ಮೊದಲು ಹೆಲಿಕಾಪ್ಟರಿನಲ್ಲಿ ಹತ್ತಿರದ ಒಂದು ಜಾಗಕ್ಕೆ ಇಳಿದು, ಅಲ್ಲಿಂದ ಬ್ಯಾಂಕಿನ ಹಣ ಸಾಗಿಸುವಂಥ ಉಕ್ಕಿನ ಗಾಡಿಯಲ್ಲಿ ಮೈದಾನದ ಒಳಗೆ ಬಂದರು. ಕತ್ತಲಾದ ಮೇಲೆ ನಾಲ್ವರೂ ಓಡುತ್ತ ಬಂದು ವೇದಿಕೆ ಹತ್ತುವುದನ್ನು ಚಿತ್ರದಲ್ಲಿ ನೋಡಬಹುದು. ಆ ಕ್ಷಣದ ಸದ್ದನ್ನು ಹೇಗೆ ಹೇಳಲಿ? ಟೀವಿಯ ದನಿ ತಗ್ಗಿಸು ಎಂದು ನಾನೇ ಮಗಳಿಗೆ ಹೇಳಿದೆ. ಕೆಲವು ಹುಡುಗಿಯರು ಕೆನ್ನೆ ಪರಚಿಕೊಳ್ಳುತ್ತಿದ್ದರು, ಕೆಲವರು ಗೋಳೋ ಎಂದು ಅಳುತ್ತಿದ್ದರು, ಪ್ರಜ್ಞೆ ತಪ್ಪಿದವರನ್ನು ಪೊಲೀಸರು ಎತ್ತಿಕೊಂಡು ಹೋಗುತ್ತಿದ್ದರು. ಒಬ್ಬ ಪೊಲೀಸು ಕಿವಿಗೆ ಎರಡೂ ಕೈ ಮುಚ್ಚಿಕೊಂಡಿದ್ದ.

ಮತ್ತೆ ಹಾಡು? ಹಾಡು ಯಾರಿಗೂ ಸರಿಯಾಗಿ ಕೇಳಿಸಲೇ ಇಲ್ಲ! ಆ ಪ್ರವಾಸಕ್ಕೆಂದೇ ಮಾಡಿಸಿದ 100 ವ್ಯಾಟಿನ ಆಂಪ್ಲಿಫೈಯರುಗಳಿದ್ದವು, ಅದು ಬಿಟ್ಟರೆ ಆಟದ ಸ್ಕೋರು ಕೂಗಿ ಹೇಳಲು ಮೈದಾನದಲ್ಲಿ ಹಾಕಿದ್ದ ಧ್ವನಿವರ್ಧಕಗಳು. ನಮ್ಮ ಜಾತ್ರೆಯ ನಾಟಕಕ್ಕೆ ಮೈಕ್‌ಸೆಟ್ಟಿನವನು ಇದಕ್ಕಿಂತ ಚೆನ್ನಾಗಿ ಕಟ್ಟುತ್ತಾನೆ ಅನ್ನಿಸಿತು. ತಮ್ಮ ದನಿ ತಮಗೇ ಕೇಳಿಸುವಂತೆ ಹಾಡುಗಾರರ ಎದುರಿಗೆ ಇಡುವ ಸ್ಪೀಕರು ಆಗ ಬಳಕೆಗೆ ಬಂದಿರಲಿಲ್ಲ. ತಬಲದಂತೆ ತಾಳ ಹಿಡಿಯಬೇಕಾದ ಡ್ರಮ್ಮಿನ ರಿಂಗೋ, ಮುಂದೆ ನಿಂತ ಮೂವರ ಮೈ ಅಲುಗುವುದನ್ನು ನೋಡಿ ಹಾಡು ಎಲ್ಲಿಗೆ ಬಂತೆಂದು ಊಹಿಸಬೇಕಾಗುತ್ತಿತ್ತಂತೆ. 12 ಹಾಡು, ಸುಮಾರು ಅರ್ಧ ಗಂಟೆ. ಕೊನೆಯ ಹಾಡಿಗೆ ಜಾನ್ ಲೆನನ್ ನಗುತ್ತ ಮೊಳಕೈಯಿಂದಲೇ ಆರ್ಗನ್ ಮೀಟಿದ. ಕೇಳಿಸದಿದ್ದ ಮೇಲೆ ಬೆರಳಾದರೇನು ಮೊಳಕೈಯಾದರೇನು. ಆ ರಾತ್ರಿ ತೆಗೆದ ಚಿತ್ರವನ್ನು ಟೀವಿಗೆ ಕೊಡುವ ಮೊದಲು, 1966ರ ಜನವರಿಯಲ್ಲಿ ಲಂಡನ್ನಿನ ಸ್ಟುಡಿಯೋದಲ್ಲಿ ಕೂತು ಹಲವು ಕಡೆ ಹೊಸದಾಗಿ ಹಾಡಿ ನುಡಿಸಿ ಸೇರಿಸಬೇಕಾಯಿತು.

ಹಾಗಾದರೆ ಕೇಳಿಸದ ಹಾಡಿಗೆ ಅವರೆಲ್ಲ ಹೋದದ್ದೇಕೆ?

ದೊಡ್ಡವರಿಗೆ ಉತ್ತರ ಸಿದ್ಧವಿತ್ತು. 1964ರಲ್ಲೇ ಪಾಲ್ ಜಾನ್ಸನ್ ಎಂಬ ಇಂಗ್ಲಿಷ್ ಪತ್ರಕರ್ತ ಈ ಹುಡುಗಿಯರನ್ನು ತಮ್ಮ ತಲೆಮಾರಿನ ಮಂದ, ಸೋಮಾರಿ ಮಕ್ಕಳೆಂದು ಬರೆದ. ಇಪ್ಪತ್ತೆರಡು ವರ್ಷದ ಮೇಲೆ, 1986ರಲ್ಲಿ, ಬಾರ್ಬರಾ ಎರೆನ್‌ರೈಕ್ ಇನ್ನಿಬ್ಬರು ಗೆಳತಿಯರ ಜೊತೆ ಬರೆದ ಪುಸ್ತಕದಲ್ಲಿ ಬೇರೆ ಮಾತು ಹೇಳಿದಳು: ಸದಾ ಅಚ್ಚುಕಟ್ಟಾಗಿರು, ಮೆಲ್ಲಗೆ ಮಾತಾಡು ಎಂದು ಬೆಳೆಸಿದ ಹುಡುಗಿಯರು ಬಹಿರಂಗವಾಗಿ ಹಿಡಿತ ಬಿಟ್ಟದ್ದು ಅದು, ಅದೊಂದು ದಂಗೆ ಎಂದು. ನನಗೆ 'ದಂಗೆ' ಸ್ವಲ್ಪ ದೊಡ್ಡ ಪದವಾಯಿತು. ಆದರೆ ಜಾನ್ಸನ್ ಮಹಾಶಯನಿಗಿಂತ ಆಕೆ ಹತ್ತಿರ ಬಂದಳು.

ಏಕೆಂದರೆ ನನಗೊಂದು ಗಣಪತಿ ಹಬ್ಬ ನೆನಪಿದೆ. ಪಿಯುಸಿ ಓದುವಾಗ. ಪೆಂಡಾಲಿನಲ್ಲಿ ಆರ್ಕೆಸ್ಟ್ರಾ, ಹೆಂಗಸರಿಗೆ ಹಗ್ಗ ಕಟ್ಟಿದ ಒಂದು ಮೂಲೆ. ಮುಂದೆ ಹುಡುಗರು ಶಿಳ್ಳೆ ಹೊಡೆದು ಕುಣಿಯುತ್ತಿದ್ದರು. ನಾನು ದಾವಣಿಯ ಸೆರಗಿನ ಒಳಗೆ ಕೈ ಬಚ್ಚಿಟ್ಟು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ. ನನಗೆ ಇಷ್ಟವಾದ ಹಾಡು ಶುರುವಾಗುವುದಕ್ಕೂ ಅಣ್ಣ ಹಗ್ಗದಾಚೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. "ಒಂಬತ್ತಾಯ್ತು, ನಡಿ, ಅಪ್ಪ ಕಾಯ್ತಿದಾರೆ." ಆ ಹಾಡಿನ ಉಳಿದ ಭಾಗ ಮನೆಯ ದಾರಿಯಲ್ಲಿ ದೂರದಿಂದ ಕೇಳಿಸಿತು, ಒಂದು ತಿರುವಿನ ತನಕ.

ಬೀಟಲ್ಸ್ ಹುಡುಗರ ಕಷ್ಟವೂ ಸುಳ್ಳಲ್ಲ. ತಮ್ಮ ವಿದ್ಯೆ ಯಾರ ಕಿವಿಗೂ ಬೀಳದಿದ್ದರೆ ಯಾವ ಸಂಗೀತಗಾರನಿಗೆ ಸಮಾಧಾನ? ಮರುವರ್ಷ ಅದೇ ಶೇ ಸ್ಟೇಡಿಯಮ್ಮಿಗೆ ಬಂದಾಗ ಸುಮಾರು 11,000 ಟಿಕೆಟ್ಟು ಮಾರಾಟವಾಗಲಿಲ್ಲ. 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿ ಟಿಕೆಟ್ ಕಚೇರಿಗಳಿಗೆ ಕೈಮುಗಿದರು. ಆಮೇಲಿನ ಅವರ ಹೆಸರಾಂತ ಹಾಡುಗಳೆಲ್ಲ ಸ್ಟುಡಿಯೋದ ಬಾಗಿಲು ಮುಚ್ಚಿಕೊಂಡು ಮಾಡಿದವು.

ಆ ಗ್ಯಾಲರಿಯಲ್ಲಿ ಇದ್ದವರಲ್ಲಿ ಕೆಲವರ ಹೆಸರು ಈಗ ಎಲ್ಲರಿಗೂ ಗೊತ್ತು. ನಟಿ ಮೆರಿಲ್ ಸ್ಟ್ರೀಪ್, ಆಗ 16 ವರ್ಷ. ಇನ್ನೊಬ್ಬಳು 9 ವರ್ಷದ ಕಪ್ಪು ಹುಡುಗಿ, ಮುಂದೆ ವೂಪಿ ಗೋಲ್ಡ್‌ಬರ್ಗ್ ಎಂದು ಹೆಸರಾದ ನಟಿ. ಆ ವಾರ ಅಮೆರಿಕದಲ್ಲಿ ಎಂಥ ವಾರ ಅನ್ನುತ್ತೀರಿ? ಕರಿಯರ ಮತದಾನದ ಹಕ್ಕನ್ನು ಕಾಯುವ ಕಾಯಿದೆಗೆ ಆಗಸ್ಟ್ 6ರಂದಷ್ಟೇ ಸಹಿ ಬಿದ್ದಿತ್ತು. ಆಗಸ್ಟ್ 11ರಿಂದ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ ಹೊತ್ತಿ ಉರಿಯುತ್ತಿತ್ತು. ಅಲ್ಲಿ ಸತ್ತವರು 34 ಮಂದಿ. ಹಿಂದಿನ ವರ್ಷ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಕೂರಿಸಿದರೆ ಹಾಡುವುದಿಲ್ಲವೆಂದು ಈ ನಾಲ್ವರು ಹೇಳಿ, ಎಲ್ಲರೂ ಕಲೆತು ಕೂತ ಮೇಲೆ ಹಾಡಿದ್ದರು. ಸಾಕ್ಷ್ಯಚಿತ್ರದಲ್ಲಿ ವೂಪಿ ಹೇಳುವುದೂ ಅದನ್ನೇ: ಅವರು ಬಿಳಿಯರೆಂದು ತನಗೆ ಅನ್ನಿಸಲೇ ಇಲ್ಲವಂತೆ.

ತಂದೆ ಜೊತೆಗಿಲ್ಲದ ಮನೆ, ತಾಯಿ ಒಬ್ಬಳೇ ದುಡಿದು ಮಕ್ಕಳನ್ನು ಸಾಕುತ್ತಿದ್ದಳು. ಟಿಕೆಟ್ಟಿಗೆ ಹಣವಿಲ್ಲ ಎಂದಿದ್ದ ಆ ತಾಯಿ ಒಂದು ದಿನ, ಎಲ್ಲಿಗೆಂದು ಹೇಳದೆ, ಮಗಳನ್ನು ಹೊರಡಿಸಿದಳು. ರೈಲು ಹತ್ತಿಸಿದಳು. ಮೈದಾನದ ಎದುರು ನಿಂತಾಗಲೂ ಮಗಳಿಗೆ ಅರ್ಥವಾಗಲಿಲ್ಲ. ಆಗ ತಾಯಿ ಎರಡು ಟಿಕೆಟ್ಟು ಹೊರತೆಗೆದಳು. ಇದನ್ನು ಹೇಳುವಾಗ ವೂಪಿಯ ಕಣ್ಣು ತುಂಬಿ ಬರುತ್ತದೆ.

ಮಗಳು ಚಿತ್ರವನ್ನು ಅಲ್ಲಿಗೆ ನಿಲ್ಲಿಸಿ ಕೇಳಿದಳು: "ಅಮ್ಮ, ನೀನು ಅಲ್ಲಿದ್ದಿದ್ರೆ ಕೂಗ್ತಿದ್ಯಾ?"

"ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ಕೂಗ್ತಿದ್ದೆನೋ ಏನೋ" ಎಂದೆ.

"ಸರಿ, ಈಗ ದನಿ ಜಾಸ್ತಿ ಮಾಡ್ಲಾ?" ಎಂದಳು. ಮಾಡು ಎಂದೆ.