ಅಜ್ಜಿಯ ಹುಬ್ಬಿಗೆ ಒಂದು ಸೇರು ಭತ್ತ, ನನ್ನ ಹುಬ್ಬಿಗೆ 15 ಸಾವಿರ

(ಬರಹ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.)



ಕೆಲವು ತಿಂಗಳ ಹಿಂದೆ ಆಫೀಸಲ್ಲಿ ಬುತ್ತಿ ಬಿಚ್ಚಿ ಕೂತಿದ್ವಿ. ಪಕ್ಕದ ಟೇಬಲಿನ ಮೇಡಂ ನನ್ನ ಮುಖ ದಿಟ್ಟಿಸಿ ನೋಡಿ, "ಯಾಕ್ರೀ, ನಿಮ್ಮ ಹುಬ್ಬು ಅರ್ಧಕ್ಕೇ ನಿಂತೋಗಿದಾವಲ್ಲ" ಅಂದ್ರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕನ್ನಡಿ ನೋಡಿದ್ರೆ ನಿಜ. ಎರಡೂ ಹುಬ್ಬಿನ ಹೊರಗಿನ ತುದಿ ಸವೆದು ಹೋಗಿದೆ. ಇಪ್ಪತ್ತು ವರ್ಷದಿಂದ ಮೆರವಣಿಗೆ, ಧರಣಿ, ಡಿಸಿ ಆಫೀಸಿನ ಮುಂದೆ ಬಿಸಿಲು ಅಂತ ತಿರುಗಿದವಳಿಗೆ ತನ್ನ ಮುಖ ನೋಡಿಕೊಳ್ಳೋ ಪುರುಸೊತ್ತೇ ಇರಲಿಲ್ಲ ಅನ್ನೋದು ಅವತ್ತು ಗೊತ್ತಾಯ್ತು.

ಶಿವಮೊಗ್ಗಕ್ಕೆ ಸಭೆಗೆ ಹೋದಾಗ ಯಾರಿಗೂ ಹೇಳದೆ ಒಂದು ಪಾರ್ಲರಿಗೆ ಹೋದೆ. ಅಲ್ಲಿನ ಹುಡುಗಿ ಒಳ್ಳೆಯವಳೇ. ಮೈಕ್ರೋಬ್ಲೇಡಿಂಗ್ ಅಂತ ಇದೆ ಅಂದ್ಲು. ಪೆನ್ನಿನಂಥ ಹಿಡಿ, ತುದಿಯಲ್ಲಿ ಸಾಲಾಗಿ ಜೋಡಿಸಿದ ಸಣ್ಣ ಸೂಜಿಗಳು. ಅದರಿಂದ ಹುಬ್ಬಿನ ಜಾಗದಲ್ಲಿ ಕೂದಲಿನಂಥ ಗೆರೆ ಕೊಯ್ದು ಬಣ್ಣ ತುಂಬ್ತಾರೆ. ತಿಂಗಳು, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ ತಿದ್ದಬೇಕು. ಒಂದರಿಂದ ಮೂರು ವರ್ಷ ಬಾಳಿಕೆ. ಎಷ್ಟಮ್ಮ ಅಂದೆ. "15 ಸಾವಿರ ಆಗ್ತದೆ ಅಕ್ಕಾ." ಇದು ಹಚ್ಚೆ ಅಲ್ವೇನಮ್ಮ ಅಂತ ಕೇಳಿದ್ದಕ್ಕೆ ನಕ್ಕುಬಿಟ್ಲು. "ಅಯ್ಯೋ ಇಲ್ಲ ಅಕ್ಕಾ. ಹಳ್ಳಿ ಮುದುಕೀರು ಹಾಕಿಸ್ಕೊಂಡಿರ್ತಾರಲ್ಲ, ಆ ಥರ ಅಲ್ಲ."

ಆ ಥರ ಅಲ್ಲ ಅನ್ನೋ ಮಾತು ಆನವಟ್ಟಿಗೆ ವಾಪಸ್ ಬರೋ ಬಸ್ಸಿನಲ್ಲೆಲ್ಲ ಕಿವಿಯಲ್ಲಿತ್ತು. ಯಾಕಂದ್ರೆ ಆ ಥರದವಳು ನಮ್ಮ ಅಜ್ಜಿ.

ಅಜ್ಜಿಯ ಹಣೆ ನಡುವೆ ಒಂದು ಚುಕ್ಕಿ, ಹುಬ್ಬಿನ ಎರಡೂ ತುದಿಗೆ ಒಂದೊಂದು ಗೆರೆ, ಗದ್ದಕ್ಕೆ ಮೂರು ಬೊಟ್ಟು. ಮೊಣಕೈಯಿಂದ ಮುಂಗೈವರೆಗೆ ತುಳಸಿ ಕಟ್ಟೆ, ಚೇಳು, ತೊಟ್ಟಿಲು. ಹಸಿರು ತಿರುಗಿದ ನೀಲಿ. ಚಿಕ್ಕವಳಿದ್ದಾಗ ಅವಳ ಕೈ ಹಿಡಿದು ಚೇಳಿನ ಕೊಂಡಿ ಎಣಿಸ್ತಾ ಮಲಗ್ತಿದ್ದೆ. ಯಾಕಜ್ಜಿ ಹಾಕಿಸ್ಕೊಂಡೆ ಅಂದ್ರೆ ಅವಳ ಉತ್ತರ ಒಂದೇ: "ಸತ್ತಾಗ ಕೈಬಳೆ ಬಿಚ್ತಾರೆ, ಮೂಗುತಿ ಬಿಚ್ತಾರೆ. ಇದನ್ನ ಯಾವ ನನ್ನ ಮಗನೂ ಬಿಚ್ಚಕಾಗಲ್ಲ." ಈ ಮಾತು ನಮ್ಮ ಅಜ್ಜಿದೊಂದೇ ಅಲ್ಲ. ಕರ್ನಾಟಕದ ಯಾವ ಮೂಲೆಗೆ ಹೋದರೂ ಹಚ್ಚೆ ಇರೋ ಮುದುಕಿಯರು ಹೀಗೇ ಹೇಳ್ತಾರೆ.

ಆದರೆ ನಮ್ಮ ಕೇರಿಯಲ್ಲಿ ಈ ಮಾತಿಗೆ ಇನ್ನೊಂದು ಅರ್ಥ ಇತ್ತು. ಅಜ್ಜಿ ಕಾಲದಲ್ಲಿ ನಮ್ಮ ಹೆಂಗಸರು ಊರೊಳಗೆ ಚಿನ್ನ ಹಾಕ್ಕೊಂಡು ಓಡಾಡಂಗಿರಲಿಲ್ಲ. ಚಿನ್ನ ಕೊಳ್ಳೋಕೆ ದುಡ್ಡೂ ಇರಲಿಲ್ಲ, ಆ ಮಾತು ಬೇರೆ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇಂದೋರ್ ಕಡೆಯ ಬಲಾಯಿ ಜನರ ಸಂಗತಿ ಬರೆದಿದ್ದಾರೆ. 1928ರಲ್ಲಿ ಅಲ್ಲಿನ ಸವರ್ಣೀಯರು ಬಲಾಯಿಗಳಿಗೆ ಹಾಕಿದ ಕಟ್ಟಳೆಗಳಲ್ಲಿ, ಅವರ ಹೆಂಗಸರು ಬೆಳ್ಳಿ ಬಂಗಾರ ತೊಡಬಾರದು ಅನ್ನೋದೂ ಒಂದು. ಅದನ್ನು ಮೊದಲ ಸಲ ಓದಿದಾಗ ಇಂದೋರ್ ನನಗೆ ದೂರ ಅನ್ನಿಸಲಿಲ್ಲ. ತೊಡೋ ಒಡವೆಗೆ ಕಟ್ಟಳೆ ಇತ್ತು, ಚುಚ್ಚೋ ಒಡವೆಗೆ ಇರಲಿಲ್ಲ. ಅಷ್ಟೇ ಜಾಗದಲ್ಲಿ ನಮ್ಮ ಅಜ್ಜಿಯರು ಚೆಂದ ಕಂಡರು.

ಹಚ್ಚೆ ಚುಚ್ಚುತ್ತಿದ್ದವರು ಯಾರು? ಕೊರಮರ, ಕೊರಚರ, ಕಿಳ್ಳೇಕ್ಯಾತರ ಹೆಂಗಸರು. ನಮ್ಮ ಆನವಟ್ಟಿಯಿಂದ ಹಾನಗಲ್ ಸೀಮೆ ಬಹಳ ದೂರ ಇಲ್ಲ. ಸುಗ್ಗಿ ಮುಗಿದ ಮೇಲೆ ಆ ಕಡೆಯಿಂದ ಬುಟ್ಟಿ ಹೊತ್ಕೊಂಡು ಬರ್ತಿದ್ರಂತೆ. ಗೌಡರ ಮನೆ ಹೆಂಗಸರೂ ಹಾಕಿಸಿಕೊಳ್ಳೋರು, ನಮ್ಮವರೂ ಹಾಕಿಸಿಕೊಳ್ಳೋರು. ಅಗಸೆ ಮರದ ಸೊಪ್ಪನ್ನು ಅರಿಶಿನದ ಜೊತೆ ಅರೆದು, ಬಟ್ಟೆಗೆ ಸವರಿ ಬತ್ತಿ ಹೊಸೆಯೋದು. ಹರಳೆಣ್ಣೆ ದೀಪಕ್ಕೆ ಆ ಬತ್ತಿ ಹಾಕಿ ಮೇಲೆ ಮಡಕೆ ಕವುಚಿದ್ರೆ ಕಾಡಿಗೆ ಕೂರುತ್ತೆ. ಅದನ್ನ ಕೆರೆದು ಎದೆಹಾಲಿನಲ್ಲೋ ನೀರಿನಲ್ಲೋ ಕಲಸಿ, ಮೂರ್ನಾಲ್ಕು ಸೂಜಿ ಒಟ್ಟಿಗೆ ಕಟ್ಟಿ ಚುಚ್ಚೋದು. ನೋವು ಮರೆಸೋಕೆ ಹಾಡು. ಕೂಲಿ ಒಂದು ಸೇರು ಭತ್ತ, ಒಂದು ಹಳೇ ಸೀರೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಕೂಡ ಈ ಕಾಡಿಗೆ ಮಾಡೋ ರೀತಿಯನ್ನ ಬರೆದಿಟ್ಟಿದ್ದಾನೆ.

ಈ ಕಲಾವಿದೆಯರಿಗೆ ಸರ್ಕಾರ ಏನು ಬಿರುದು ಕೊಡ್ತು? ಹುಟ್ಟಾ ಅಪರಾಧಿಗಳು ಅಂತ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. 1911ರಲ್ಲಿ ಅದನ್ನ ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿದ ಮೇಲೆ ಕೊರವರು, ಕೊರಚರು ಪಟ್ಟಿಗೆ ಸೇರಿದರು. ಬುಟ್ಟಿ ಹೆಣೆದು, ಉಪ್ಪು ಮಾರಿ, ಹಚ್ಚೆ ಹಾಕಿ ತಿರುಗೋ ಜನ ಪೊಲೀಸರ ಮುಂದೆ ಹಾಜರಿ ಹಾಕಬೇಕಾಯ್ತು. ಹುಬ್ಬಳ್ಳಿ, ಗದಗದಲ್ಲಿ ಇವತ್ತಿಗೂ 'ಸೆಟ್ಲಮೆಂಟ್' ಅಂತ ಕರೆಯೋ ಬಡಾವಣೆಗಳಿವೆಯಲ್ಲ, ಆ ಹೆಸರು ಬಂದದ್ದು ಇಂಥವರನ್ನ ತಂತಿ ಬೇಲಿಯೊಳಗೆ ಕೂಡಿಹಾಕಿದ್ದರಿಂದ. ಆ ಕಾಯ್ದೆ ಹೋದದ್ದು 1952ರ ಆಗಸ್ಟ್ 31ಕ್ಕೆ, ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ.

ಇನ್ನೊಂದು ಸಂಗತಿ ಕೇಳಿ. ಅದೇ ಬ್ರಿಟಿಷರು ತಾವೂ ಹಚ್ಚೆ ಹಾಕ್ತಿದ್ರು. ಬಂಗಾಳದಲ್ಲಿ 1797ರ ನಿಯಮದ ಪ್ರಕಾರ ಜೀವಾವಧಿ ಕೈದಿಗಳ ಹಣೆ ಮೇಲೆ ಅವರ ಅಪರಾಧವನ್ನ ಚುಚ್ಚಿ ಬರೀತಿದ್ರು. ಅದಕ್ಕೆ 'ಗೋದ್ನಾ' ಅಂತ ಹೆಸರು. ನಿಂತದ್ದು 1849ರಲ್ಲಿ. ಅಜ್ಜಿಯ ಹಣೆ, ಕೈದಿಯ ಹಣೆ, ಎರಡಕ್ಕೂ ಸೂಜಿ ಒಂದೇ ಥರದ್ದು. ಒಂದನ್ನ ಕೇಳಿ ಹಾಕಿಸಿಕೊಂಡದ್ದು, ಇನ್ನೊಂದನ್ನ ಹಿಡಿದು ಹಾಕಿದ್ದು. ಹೆಣ್ಣಿನ ಮೈ ಬಗ್ಗೆ, ದಲಿತರ ಮೈ ಬಗ್ಗೆ ಯೋಚನೆ ಮಾಡುವಾಗೆಲ್ಲ ನನಗೆ ಇದೇ ಲೆಕ್ಕ ನೆನಪಾಗೋದು.

ಈ ಲೆಕ್ಕ ನಮ್ಮ ಸೊರಬ ತಾಲ್ಲೂಕಿಗೆ ಹೊಸದಲ್ಲ. ಚಂದ್ರಗುತ್ತಿ ನಮ್ಮ ತಾಲ್ಲೂಕೇ. ರೇಣುಕಾಂಬೆ ಹೆಸರಲ್ಲಿ ನಡೀತಿದ್ದ ಬೆತ್ತಲೆ ಸೇವೆಯಲ್ಲಿ ವರದಾ ನದಿಯಲ್ಲಿ ಮಿಂದು ಬೇವಿನ ಸೊಪ್ಪು ಹಿಡಿದು ಬೆತ್ತಲೆ ನಡೀತಿದ್ದ ಹೆಂಗಸರಲ್ಲಿ ಹೆಚ್ಚಿನವರು ಯಾರ ಮನೆಯವರು ಅಂತ ಬಿಡಿಸಿ ಹೇಳಬೇಕಿಲ್ಲ. ಅದನ್ನ ತಡೆಯೋಕೆ ನಿಂತದ್ದು ಬಿ. ಕೃಷ್ಣಪ್ಪನವರು ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿದ್ದು ಕಟ್ಟಿದ ದಲಿತ ಸಂಘರ್ಷ ಸಮಿತಿಯವರು. 1986ರ ಮಾರ್ಚಿನಲ್ಲಿ ಜನ ತಿರುಗಿಬಿದ್ದು ಕಾರ್ಯಕರ್ತರನ್ನ, ಪತ್ರಕರ್ತರನ್ನ, ಪೊಲೀಸರನ್ನ ಹೊಡೆದರು. ಹೆಣ್ಣು ಪೊಲೀಸರ ಬಟ್ಟೆಯನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಅದನ್ನ ನಿಷೇಧ ಮಾಡ್ತು. ಆಗ ನಾನು ಚಿಕ್ಕವಳು. ಬುದ್ಧಿ ಬಂದ ಮೇಲೆ ಈ ಕತೆ ಕೇಳಿಯೇ ನಾನು ಚಳವಳಿಗೆ ಬಂದದ್ದು.

ಚಳವಳಿಗೆ ಬಂದ ಮೇಲೆ ಹಚ್ಚೆ ಬಗ್ಗೆ ನನಗೆ ನಾಚಿಕೆ ಹತ್ತಿತು. ಇದನ್ನ ಮುಚ್ಚಿಡಲ್ಲ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಂಗಸರನ್ನ ಕೂರಿಸಿಕೊಂಡು ಮಾತಾಡಿದರು. ನೀವು ಸೀರೆ ಉಡೋ ರೀತಿ, ಕೈತುಂಬ ಹಾಕೋ ಅಗ್ಗದ ಲೋಹದ ಬಳೆ, ಕೊರಳಿನ ಭಾರದ ಸರ ನೋಡಿಯೇ ನಿಮ್ಮನ್ನ ಅಸ್ಪೃಶ್ಯರು ಅಂತ ಗುರುತು ಹಿಡೀತಾರೆ, ಆ ಗುರುತು ಬಿಡಿ ಅಂದರು. ಅದನ್ನ ಓದಿದ ಬಿಎ ಓದೋ ಹುಡುಗಿ ಮನೆಗೆ ಬಂದು ಅಜ್ಜಿಯ ಕೈ ನೋಡಿ, ಇದೂ ಗುರುತೇ ಅಂದ್ಕೊಂಡಳು. ನನ್ನ ಪದವಿ ದಿನದ ಫೋಟೋಕ್ಕೆ ಅಜ್ಜಿಗೆ ಉದ್ದ ತೋಳಿನ ಕುಪ್ಪಸ ಹಾಕಿಸಿದೆ. ಅವಳು ಒಂದು ಮಾತೂ ಆಡದೆ ಹಾಕ್ಕೊಂಡಳು. ಆ ಫೋಟೋ ಈಗಲೂ ಗೋಡೆ ಮೇಲಿದೆ. ಅವಳ ಕೈ ಕಾಣೋ ಫೋಟೋ ಒಂದೂ ಇಲ್ಲ.

ಬಾಬಾಸಾಹೇಬರು ಹೇಳಿದ್ದನ್ನ ನಾನು ಅರ್ಧ ಓದಿದ್ದೆ. ಬೇರೆಯವರು ನಿನ್ನ ಮೇಲೆ ಹೊರಿಸಿದ ಗುರುತನ್ನ ಕಿತ್ತುಹಾಕು ಅಂತ ಅವರು ಹೇಳಿದ್ದು. ನೀನೇ ಆಸೆಪಟ್ಟು ಬರೆಸಿಕೊಂಡದ್ದಕ್ಕೆ ನಾಚಿಕೊ ಅಂತ ಅಲ್ಲ.

ಅದು ನನಗೆ ಅರ್ಥ ಆಗಿದ್ದು ನಮ್ಮ ದೊಡ್ಡವ್ವನ ಕತೆಯಿಂದ. ದೊಡ್ಡವ್ವನಿಗೆ ಮದುವೆಯಾಗಿ ಎರಡು ವರ್ಷಕ್ಕೆ ಕುಷ್ಠ ಬಂತು. ಆ ಕಾಯಿಲೆಯ ಒಂದು ನಮೂನೆಯಲ್ಲಿ ಹುಬ್ಬು ಹೊರತುದಿಯಿಂದ ಉದುರುತ್ತಾ ಬರುತ್ತೆ. ಡಾಪ್ಸೋನ್ ಗುಳಿಗೆ ವರ್ಷಗಟ್ಟಲೆ ನುಂಗಿ ಕಾಯಿಲೆ ವಾಸಿಯಾಯ್ತು, ಹುಬ್ಬು ಮಾತ್ರ ಬರಲಿಲ್ಲ. ಗಂಡನ ಮನೆಯವರು ತವರಿಗೆ ಬಿಟ್ಟುಹೋದರು. ಕಾನೂನೂ ಅವರ ಕಡೆಗೇ ಇತ್ತು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಒಂದು ಕಾರಣ ಆಗಿತ್ತು. ಅದನ್ನ ತೆಗೆದದ್ದು 2019ರಲ್ಲಿ! ಅಷ್ಟೊತ್ತಿಗೆ ದೊಡ್ಡವ್ವ ಮಣ್ಣಾಗಿ ಹೋಗಿದ್ದಳು.

ಊರಲ್ಲಿ ಕೂಲಿಗೆ ಕರೆಯೋರು ಅವಳ ಮುಖ ನೋಡಿ ಬೇರೆಯವರನ್ನ ಕರೀತಿದ್ರು. ಒಂದು ಸುಗ್ಗಿಯಲ್ಲಿ ಹಚ್ಚೆಯವಳು ಬಂದಾಗ ಅಜ್ಜಿ ಅವಳನ್ನ ಹಿತ್ತಲಿಗೆ ಕರೆದು, "ನನ್ನ ಮಗಳಿಗೆ ಹುಬ್ಬು ಬರಿಯವ್ವ" ಅಂದಳಂತೆ. ಅವಳು ಹೆದರಲಿಲ್ಲ, ಹೇಸಲಿಲ್ಲ. ಮಡಿಲಲ್ಲಿ ತಲೆ ಇಟ್ಕೊಂಡು ಎರಡು ಹುಬ್ಬು ಚುಚ್ಚಿದಳು. ಸರ್ಕಾರದ ಪಟ್ಟಿಯಲ್ಲಿ ಅಪರಾಧಿ ಆಗಿದ್ದ ಜಾತಿಯವಳು, ಊರು ಮುಟ್ಟದ ಜಾತಿಯ, ಜಾತಿಯವರೂ ಮುಟ್ಟದ ಹೆಣ್ಣಿನ ಮುಖ ಮುಟ್ಟಿದಳು. ಮುಂದಿನ ನಾಟಿಗೆ ದೊಡ್ಡವ್ವ ಪಕ್ಕದೂರಿಗೆ ಕೂಲಿಗೆ ಹೋದಳು. ಅಲ್ಲಿ ಯಾರೂ ಏನೂ ಕೇಳಲಿಲ್ಲ.

ಪಾರ್ಲರ್ ಹುಡುಗಿ ಹೇಳಿದ ಆ ಥರ ಅಂದ್ರೆ ಇದು.

ಆಮೇಲೆ ಓದಿ ತಿಳ್ಕೊಂಡೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಅಂತ ಇದ್ದರು, 1946ರಲ್ಲಿ ಬಂದವರು. ಕುಷ್ಠದಿಂದ ಮಡಚಿಹೋದ ಬೆರಳನ್ನ ಆಪರೇಷನ್ ಮಾಡಿ ಸರಿಪಡಿಸಿದವರು. ಕೈ ಸರಿಯಾಗಿ ಹೋದವರಿಗೂ ಹುಬ್ಬಿಲ್ಲದ ಮುಖ ನೋಡಿ ಯಾರೂ ಕೆಲಸ ಕೊಡಲ್ಲ ಅಂತ ಗೊತ್ತಾದಾಗ, ತಲೆಯ ಕೂದಲಿರೋ ಚರ್ಮವನ್ನ ಹುಬ್ಬಿನ ಜಾಗಕ್ಕೆ ತಂದು ಕೂರಿಸಿದರು. ಅದು ತಲೆಗೂದಲಿನ ಹಾಗೆ ಬೆಳೀತಾನೇ ಇರ್ತದೆ, ಕತ್ತರಿಸ್ತಾ ಇರಬೇಕು. ಹುಬ್ಬು ಸಿಕ್ಕ ಖುಷಿಗೆ ಕೆಲವರು ಕತ್ತರಿಸದೆ ಬಿಟ್ಟುಕೊಂಡು ಓಡಾಡಿದರಂತೆ! ಹುಬ್ಬು ಬರೀ ಶೋಕಿ ಅನ್ನೋರು ಇದನ್ನ ಓದಬೇಕು.

ಪಾರ್ಲರಿನ ಮಿಷನ್‌ಗೂ ಚರಿತ್ರೆ ಇದೆ. ಅಮೆರಿಕದ ಎಡಿಸನ್ ಕಾಗದಕ್ಕೆ ತೂತು ಹೊಡೆದು ಪ್ರತಿ ತೆಗೆಯೋಕೆ ಮಾಡಿದ ವಿದ್ಯುತ್ ಪೆನ್ನಿಗೆ 1876ರಲ್ಲಿ ಪೇಟೆಂಟ್ ತಗೊಂಡ. ಅದನ್ನೇ ತಿದ್ದಿ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ ಹಚ್ಚೆ ಮಿಷನ್ನಿಗೆ ಪೇಟೆಂಟ್ ತಗೊಂಡ. ನಾವು ಗುಮಾಸ್ತರು ಸೈಕ್ಲೋಸ್ಟೈಲ್ ಅಂತಿದ್ವಲ್ಲ, ಅದರ ಬಳಗದ ಯಂತ್ರವೇ ಹಚ್ಚೆ ಮಿಷನ್ನಿನ ಅಜ್ಜ. ನಮ್ಮ ಜಾತ್ರೆಗಳಲ್ಲಿ ಬ್ಯಾಟರಿ ಇಟ್ಕೊಂಡು ಕೈಮೇಲೆ ಹೆಸರು ಬರೀತಿದ್ರಲ್ಲ, ಅದೂ ಇದೇ. ಈಗ ಎಸಿ ರೂಮಿನೊಳಗೆ ಹೋಗಿ ಹೆಸರು ಬದಲಾಯಿಸಿಕೊಂಡಿದೆ. ಹೆಸರು ಬದಲಾದದ್ದಕ್ಕೆ ತಕರಾರಿಲ್ಲ. ಹಚ್ಚೆಯವಳ ಮೊಮ್ಮಗಳಿಗೆ ಆ 15 ಸಾವಿರದಲ್ಲಿ ಪಾಲಿಲ್ಲ, ಅವಳ ಕಸುಬಿಗೆ ಅಲ್ಲಿ ಮರ್ಯಾದೆ ಇಲ್ಲ ಅನ್ನೋದೇ ನನ್ನ ತಕರಾರು.

ಹಾಗಂತ ಹಳೇದೆಲ್ಲ ಚಿನ್ನ ಅಂತಲೂ ಹೇಳಲ್ಲ. ಒಂದೇ ಸೂಜಿ ಇಡೀ ಕೇರಿಗೆ ಚುಚ್ಚಿದ ಕಾಲ ಅದು. ಕಾಮಾಲೆ ತರೋ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಎಲ್ಲ ಹರಡೋದು ಹಾಗೇ. ಅದಕ್ಕೆ ಹಾಕಿಸಿಕೊಳ್ಳೋ ಅಕ್ಕ ತಂಗಿಯರಿಗೆ ನಾಲ್ಕು ಮಾತು. ಸೂಜಿಯ ಪ್ಯಾಕೆಟ್ಟನ್ನ ನಿಮ್ಮ ಕಣ್ಣೆದುರೇ ಒಡೆಯಲಿ. ಬಣ್ಣವನ್ನ ಮೊದಲು ಕಿವಿ ಹಿಂದೆ ಹಚ್ಚಿ ನೋಡಲಿ. ಗಾಯ ಆದ ಜಾಗ ಗಂಟು ಕಟ್ಟೋ ಮೈ ಆಗಿದ್ರೆ ಬೇಡವೇ ಬೇಡ, ನಮ್ಮಂಥ ಕಪ್ಪು ಚರ್ಮಕ್ಕೆ ಆ ಕಾಟ ಜಾಸ್ತಿ. ಎಲ್ಲಕ್ಕಿಂತ ಮೊದಲು, ಹುಬ್ಬು ಯಾಕೆ ಉದುರಿತು ಅಂತ ಡಾಕ್ಟರ ಹತ್ರ ಕೇಳಿ. ಸೂಜಿ ಹುಬ್ಬು ಬರೆಯುತ್ತೆ, ಕಾಯಿಲೆ ವಾಸಿ ಮಾಡಲ್ಲ.

ನಾನೂ ಮೊದಲು ಆಸ್ಪತ್ರೆಗೇ ಹೋದೆ. ನನಗಾಗಿದ್ದು ಥೈರಾಯ್ಡ್. ಅದು ಕಡಿಮೆಯಾದರೂ ಹುಬ್ಬಿನ ಹೊರತುದಿ ತೆಳ್ಳಗಾಗುತ್ತಂತೆ. ಸುಸ್ತು, ಮೈ ಊತ, ಮರೆವು ಎಲ್ಲವನ್ನೂ ವಯಸ್ಸು ಅಂದ್ಕೊಂಡು ಸುಮ್ಮನಿದ್ದೆ. ಆಫೀಸಿನ ಮೇಡಂ ನಕ್ಕಿದ್ದೇ ಒಳ್ಳೇದಾಯ್ತು. ಗುಳಿಗೆ ಶುರುವಾಗಿದೆ, ಈಗ ರಿಪೋರ್ಟು ಸರಿ ಬಂದಿದೆ. ಕೂದಲು ಅಲ್ಲೊಂದು ಇಲ್ಲೊಂದು ಇಣುಕ್ತಿದೆ.

ತುಂಬ ಬಂದ್ರೆ ಸಂತೋಷ. ಬರದಿದ್ರೆ ಹೋಗಿ ಹಾಕಿಸ್ಕೊಳ್ತೀನಿ. ಹೋರಾಟಗಾರ್ತಿಗೆ ಯಾಕೆ ಬೇಕು ಇದೆಲ್ಲ ಅನ್ನೋ ಅಣ್ಣಂದಿರಿಗೆ ಉತ್ತರ ನಮ್ಮ ಅಜ್ಜಿ ಹಿತ್ತಲಲ್ಲೇ ಕೊಟ್ಟಾಗಿದೆ. ಹಾಕಿಸೋದು ಮಾತ್ರ ಏಪ್ರಿಲ್ 14 ಕಳೆದ ಮೇಲೆ. ಚುಚ್ಚಿಸಿಕೊಂಡ ಮೇಲೆ ಒಂದು ವರ್ಷ ರಕ್ತ ಕೊಡಂಗಿಲ್ಲ. ಜಯಂತಿಯ ಶಿಬಿರದಲ್ಲಿ ನಾನು ಇಲ್ಲಿವರೆಗೆ ಒಂದು ವರ್ಷವೂ ತಪ್ಪಿಸಿಲ್ಲ. ಡಾಕ್ಟರು ಕೊಡಬಹುದು ಅಂದಿದ್ದಾರೆ.

ಕೊನೆಗೆ ಒಂದು ಕೆಲಸ ಹೇಳ್ತೀನಿ. ನಿಮ್ಮ ಮನೆಯಲ್ಲಿ ಹಚ್ಚೆ ಇರೋ ಅಜ್ಜಿ ಇನ್ನೂ ಇದ್ರೆ ಇವತ್ತೇ ಅವಳ ಪಕ್ಕ ಕೂತು ಕೈಯ ಫೋಟೋ ತೆಗೀರಿ. ಯಾವ ಊರಿನವಳು ಹಾಕಿದ್ದು, ಏನು ಕೂಲಿ ಕೊಟ್ರಿ, ಈ ಚೇಳು ಯಾಕೆ, ಈ ತೊಟ್ಟಿಲು ಯಾಕೆ ಅಂತ ಕೇಳಿ ಬರೆದಿಡಿ. ನಮ್ಮ ಚರಿತ್ರೆಗೆ ಶಾಸನ ಇಲ್ಲ ಅಂತ ನಾವೇ ಹೇಳ್ತಾ ತಿರುಗ್ತೀವಿ. ಇಲ್ಲೇ ಕುಬಟೂರಿನ ಕೈಟಭೇಶ್ವರ ಗುಡಿಯ ಕಲ್ಲಿನ ಮೇಲೆ ನಮ್ಮ ಹೆಸರು ಹುಡುಕಿದ್ರೆ ಸಿಗಲ್ಲ. ಆ ಮುದುಕಿಯರ ಮೈಮೇಲೆ ಬರೆದಿದೆ, ಅವರು ಹೋದಾಗ ಅವರ ಜೊತೆಗೇ ಹೋಗ್ತದೆ.

ನಾನು ತೋಳು ಮುಚ್ಚಿಸಿ ಫೋಟೋ ತೆಗೆಸಿದೆ. ನೀವು ಹಾಗೆ ಮಾಡಬೇಡಿ.

ಜೈ ಭೀಮ್.