ಮೂವರು ಗೆಳೆಯರು, ಒಂದು ಪತ್ರಿಕೆ: ‘ಸಂಕ್ರಮಣ’ದ ಕಥೆ

ಹೊಸಪೇಟೆಯಿಂದ ರೈಲು ಹಿಡಿದು ಗದಗ, ಹುಬ್ಬಳ್ಳಿ ದಾಟಿದರೆ ಧಾರವಾಡ. ಅಲ್ಲಿ 1964ರಲ್ಲಿ ಮೂವರು ಗೆಳೆಯರು ‘ಸಂಕ್ರಮಣ’ ಎಂಬ ಸಾಹಿತ್ಯ ಪತ್ರಿಕೆ ಶುರು ಮಾಡಿದರು. ಚಂದ್ರಶೇಖರ ಪಾಟೀಲ (ನಮಗೆಲ್ಲ ಅವರು ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ. ಮೂವರೂ 1939ರಲ್ಲಿ ಹುಟ್ಟಿದವರು. ಅಂದರೆ ಆಗ ಅವರಿಗೆ ಇಪ್ಪತ್ತೈದರ ಆಸುಪಾಸು.

ಮೂವರೂ ಹಳ್ಳಿಯವರೇ. ಚಂಪಾ ಈಗಿನ ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನವರು, ಗಿರಡ್ಡಿ ಗದಗ ಕಡೆಯ ಅಬ್ಬಿಗೇರಿಯವರು, ಪಟ್ಟಣಶೆಟ್ಟಿ ಧಾರವಾಡದ ಹತ್ತಿರದ ಯಾದವಾಡದವರು. ಇನ್ನೊಂದು ಮಜಾ ಇದೆ. ಕನ್ನಡ ಪತ್ರಿಕೆ ತಂದ ಈ ಮೂವರಲ್ಲಿ ಇಬ್ಬರು ಇಂಗ್ಲಿಷ್ ಮೇಷ್ಟ್ರು, ಒಬ್ಬರು ಹಿಂದಿ ಮೇಷ್ಟ್ರು!

ಆಗ ನವ್ಯದ ಕಾಲ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಬರುತ್ತಿತ್ತು. ಅದರಲ್ಲಿ ಪದ್ಯ ಬಂದರೆ ದೊಡ್ಡ ಮಾತು. ಆದರೆ ಉತ್ತರ ಕರ್ನಾಟಕದ ಹುಡುಗರಿಗೆ ತಮ್ಮ ಕಡೆಯದೇ ಒಂದು ಜಾಗ ಬೇಕಿತ್ತು, ತಮ್ಮ ಮಾತಿನ ಧಾಟಿ ಗೊತ್ತಿರುವ ಸಂಪಾದಕ ಬೇಕಿತ್ತು. ‘ಸಂಕ್ರಮಣ’ ಆ ಜಾಗವಾಯಿತು.

ಮುಂದೆ ಪತ್ರಿಕೆಯ ಹೊಣೆ ಚಂಪಾ ಅವರ ಮೇಲೇ ಬಿತ್ತು. ದಶಕಗಳ ಕಾಲ ನಡೆಸಿದರು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೂ ಹೋದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಅವರು ಅದರ ಮುಂಚೂಣಿಯಲ್ಲಿದ್ದರು. ನವ್ಯದ ಪತ್ರಿಕೆಯಾಗಿ ಶುರುವಾದದ್ದು ಬಂಡಾಯದ ದನಿಯಾಯಿತು. ಅವರ ಜಗಳಗಂಟ ಬರಹ ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ನನಗೆ ಹಿಡಿಸುತ್ತದೆ.

ಇಂಥ ಪತ್ರಿಕೆಗಳಿಗೆ ದುಡ್ಡಿನ ಬಲ ಇರಲಿಲ್ಲ. ಚಂದಾ ಹಣ, ಅಂಚೆ, ಗೆಳೆಯರ ಕೈಸಾಲದಲ್ಲೇ ನಡೆಯಬೇಕು. ಆದರೂ ಹೊಸ ಹುಡುಗನೊಬ್ಬನ ಕಥೆಯನ್ನು ಪರಿಚಯವೇ ಇಲ್ಲದ ಒಬ್ಬರು ಕೂತು ಓದಿ, ಇದು ಸರಿ, ಇದು ಬೇಡ ಅನ್ನುತ್ತಿದ್ದರಲ್ಲ, ಅದೇ ಅವುಗಳ ದೊಡ್ಡ ಕೆಲಸ. ಇವತ್ತು ಕಂಪ್ಲಿಯ ಹುಡುಗಿ ಬರೆದ ಪದ್ಯ ಒಂದೇ ನಿಮಿಷದಲ್ಲಿ ವಾಟ್ಸಾಪ್ ಗ್ರೂಪಿಗೆ ಹೋಗುತ್ತದೆ. ‘ಸೂಪರ್’ ಅನ್ನುವವರು ನೂರು ಜನ. ಮೂರನೇ ಸಾಲು ತೆಗಿ ಅನ್ನುವವರು ಯಾರು?

ಆ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡುತ್ತಿರುವವರು ನಮ್ಮ ಸಂಡೂರಿನವರೇ ಆದ ವಸುಧೇಂದ್ರ. ‘ತೇಜೋ ತುಂಗಭದ್ರಾ’ ಬರೆದವರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗಲೇ ‘ಛಂದ ಪುಸ್ತಕ’ ಎಂಬ ಪ್ರಕಾಶನ ಕಟ್ಟಿದರು. ಇನ್ನೂ ಒಂದೂ ಕಥಾಸಂಕಲನ ಬಾರದವರಿಂದ ಹಸ್ತಪ್ರತಿ ಕರೆದು, ಗೆದ್ದವರ ಮೊದಲ ಪುಸ್ತಕವನ್ನು ತಾವೇ ಅಚ್ಚು ಹಾಕಿಸುತ್ತಾರೆ. ಕಳಿಸಲು ಯಾರ ಶಿಫಾರಸೂ ಬೇಕಿಲ್ಲ. ಒಂದು ಪುಸ್ತಕವಾಗುವಷ್ಟು ಕಥೆ ಇರಬೇಕು, ಅಷ್ಟೆ.